ಮೇಷ್ಟ್ರ ಹಾರ್ಡ್ ಡಿಸ್ಕ್ ಲಿನಕ್ಸಿನಲ್ಲಿ ತೆರೆಯದೇ ಹೋದ ಪ್ರಕರಣ

ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಇಲ್ಲಿ ಬರೀ ಮೇಷ್ಟ್ರು. ತಾಳಮದ್ದಲೆ ಎಲ್ಲಿದ್ದರೂ ರೆಕಾರ್ಡರ್ ಹಿಡಿದುಕೊಂಡು ಹೋಗುವುದು ಅವರ ಹಳೆಯ ಚಟ. ಕ್ಯಾಸೆಟ್ ಕಾಲದಲ್ಲಿ ಹಿಡಿದದ್ದನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ಎಲ್ಲ ಸೇರಿ ಸುಮಾರು 680 ಜಿಬಿ. ಅದಷ್ಟೂ ಇದ್ದದ್ದು ಒಂದೇ ಒಂದು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಎರಡನೇ ಪ್ರತಿ ಇರಲಿಲ್ಲ.

ಅವರ ಲ್ಯಾಪ್‌ಟಾಪಿನದು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಆ ಪ್ರೊಸೆಸರನ್ನು ಒಪ್ಪುವುದಿಲ್ಲ. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಸುಮ್ನೆ ಎಸೆಯುವುದು ಬೇಡ ಎಂದು ಅದರಲ್ಲಿ ಲಿನಕ್ಸ್ ಮಿಂಟ್ 22 ಎಂಬ, ವಿಂಡೋಸ್ ಬದಲಿಗೆ ಓಡುವ ಉಚಿತ ಸಿಸ್ಟಂ ಹಾಕಿದೆವು. ವಿಂಡೋಸ್ ಪೂರ್ತಿ ತೆಗೆದೆವು. ಮೊದಲ ದಿನ ಹಾರ್ಡ್ ಡಿಸ್ಕ್ ಚುಚ್ಚಿದಾಗ ತಾನಾಗಿಯೇ ತೆರೆಯಿತು, ಹಾಡು ಕೇಳಿಸಿತು, ಫೈಲ್ ಕಾಪಿ ಆಯಿತು. ಎಲ್ಲ ಸರಿ ಎಂದುಕೊಂಡೆವು.

ಕೆಲವು ದಿನ ಬಿಟ್ಟು ಮೇಷ್ಟ್ರ ಫೋನ್ ಬಂತು.

"ಎಂಥ ಮಾರಾಯ ಇದು, ಡಿಸ್ಕ್ ತೆರೀತಾನೇ ಇಲ್ಲ. ಏನೋ ಸೂಪರ್‌ಬ್ಲಾಕ್ ಕೆಟ್ಟಿದೆ ಅಂತ ಬರ್ತಿದೆ. ಪೇಟೆ ಅಂಗಡಿಯವ ಫಾರ್ಮ್ಯಾಟ್ ಮಾಡಬೇಕು ಅಂತಾನೆ."

"ಮೇಷ್ಟ್ರೇ, ಯಾರಿಗೂ ಕೊಡಬೇಡಿ. ಏನೂ ಮಾಡಬೇಡಿ. ಕೇಬಲ್ ತೆಗೆದು ಡಿಸ್ಕನ್ನು ಒಳಗಿಡಿ."

ಈ ಪ್ರಕರಣದಲ್ಲಿ ನಾನು ಹೇಳಿದ ಅತ್ಯಂತ ಉಪಯೋಗದ ಮಾತು ಬಹುಶಃ ಅದೇ. ಡಿಸ್ಕಿಗೆ ಏನಾಗಿದೆ ಎಂದು ಗೊತ್ತಾಗುವ ಮೊದಲು ಅದರ ಮೇಲೆ ಬರೆಯುವ ಯಾವ ಕೆಲಸವೂ ರಿಪೇರಿ ಅಲ್ಲ, ಜೂಜು. ಫಾರ್ಮ್ಯಾಟ್ ಅಂತೂ ಜೂಜೇ ಸರಿ. "ರಿಪೇರಿ" ಎಂದು ಹೆಸರಿರುವ ಬಟನ್ ಕೂಡ ಅದೇ ಸಾಲಿಗೆ ಸೇರುತ್ತದೆ.

ಆ ಭಯಂಕರ ಸಂದೇಶ

ಪರದೆಯ ಮೇಲೆ ಬಂದ ಇಂಗ್ಲಿಷ್ ಸಂದೇಶದ ಸಾರ ಹೀಗಿತ್ತು: ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಬಗೆ ತಪ್ಪಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ (ಆ ಪದ್ಧತಿಯ ಮುಖ್ಯ ವಿವರ ಇರುವ ಜಾಗ) ಕೆಟ್ಟಿರಬಹುದು, ಕೋಡ್‌ಪೇಜ್ ಅಥವಾ ಸಹಾಯಕ ಪ್ರೋಗ್ರಾಂ ಇಲ್ಲದೇ ಇರಬಹುದು, ಇಲ್ಲವೇ ಬೇರೇನೋ ತಪ್ಪಿರಬಹುದು. ಓದಿದವರಿಗೆ ಕಣ್ಣಿಗೆ ಬೀಳುವುದು "ಸೂಪರ್‌ಬ್ಲಾಕ್ ಕೆಟ್ಟಿದೆ" ಎಂಬುದೊಂದೇ. ಆದರೆ ಇದು ರೋಗದ ಹೆಸರಲ್ಲ. ಮೌಂಟ್ ಮಾಡು, ಅಂದರೆ ಡಿಸ್ಕನ್ನು ತೆರೆ ಎಂದು ಕೇಳಿದಾಗ ಲಿನಕ್ಸಿನ ತಿರುಳಾದ ಕರ್ನಲ್ "ಆಗಲ್ಲ" ಎಂದು ಒಂದು ಸಂಖ್ಯೆ ವಾಪಸ್ ಕೊಡುತ್ತದೆ. ಆ ಸಂಖ್ಯೆಗೆ ಇರಬಹುದಾದ ಕಾರಣಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವ ಸಾಲು ಇದು, ಅಷ್ಟೇ. ಇದನ್ನು ಬರೆದವರು ಮೇಷ್ಟ್ರಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ ಎಂಬುದು ಸ್ಪಷ್ಟ.

ನಿಜವಾದ ಕಾರಣ ಕರ್ನಲ್‌ನ ದಿನಚರಿಯಲ್ಲಿ ಇರುತ್ತದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಡಿಮೆಸೇಜ್ (dmesg) ಎಂದು ಕೊಟ್ಟರೆ ಅದು ಕಾಣುತ್ತದೆ. ಮೇಷ್ಟ್ರ ಮನೆಗೆ ಹೋಗಿ ಡಿಸ್ಕ್ ಚುಚ್ಚಿ ನೋಡಿದೆ. ಕೊನೆಯ ಸಾಲಿನಲ್ಲಿ ಎನ್‌ಟಿಎಫ್‌ಎಸ್3 ಎಂಬ, ವಿಂಡೋಸ್ ಬಗೆಯ ಡಿಸ್ಕನ್ನು ಲಿನಕ್ಸಿನಲ್ಲಿ ತೆರೆಯುವ ಡ್ರೈವರ್ ಹೇಳಿದ್ದು ಇಷ್ಟು: ಈ ವಾಲ್ಯೂಮ್ (ಡಿಸ್ಕಿನ ಭಾಗ) ಮೇಲೆ ಡರ್ಟಿ, ಅಂದರೆ ಸರಿಯಾಗಿ ಮುಚ್ಚಿಲ್ಲ ಎಂಬ ಗುರುತು ಇದೆ, ಬಲವಂತವಾಗಿ ತೆರೆ ಎಂಬ ಸೂಚನೆ ಕೊಟ್ಟಿಲ್ಲ, ಆದ್ದರಿಂದ ತೆರೆಯುವುದಿಲ್ಲ.

ಅದೇ ದಿನಚರಿಯಲ್ಲಿ ಇನ್ನೊಂದು ಸಂಗತಿ ಮುಖ್ಯವಾಗಿತ್ತು. ಓದುವಾಗ ತಪ್ಪಾಯಿತು ಎನ್ನುವ ಸಾಲು ಒಂದೂ ಇರಲಿಲ್ಲ. ಡಿಸ್ಕ್ ಯಂತ್ರವಾಗಿ ಕೆಟ್ಟಿದ್ದರೆ ಅಲ್ಲಿ ಐ/ಓ ಎರರ್ ಎಂಬ ಸಾಲುಗಳು ಸಾಲುಸಾಲಾಗಿ ಬರುತ್ತವೆ, ಇಲ್ಲವೇ ಯುಎಸ್‌ಬಿ ಸಂಪರ್ಕ ಮತ್ತೆ ಮತ್ತೆ ಕಡಿದು ಸೇರುವುದು ಕಾಣುತ್ತದೆ. ಅದಾವುದೂ ಇಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಮಾಹಿತಿಯನ್ನೂ ತೆಗೆದು ನೋಡಿದೆ. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕಾದ್ದರಿಂದ ಸ್ಮಾರ್ಟ್‌ಸಿಟಿಎಲ್ ಕಮಾಂಡಿಗೆ "ಸ್ಯಾಟ್" ಎಂಬ ಬಗೆಯನ್ನು ಜೊತೆಗೆ ಹೇಳಬೇಕಾಯಿತು. ಅದರಲ್ಲಿ ನಾನು ನೋಡುವುದು ಮುಖ್ಯವಾಗಿ ಮೂರು ಸಾಲು: 5, 197 ಮತ್ತು 198. ಜಾಗ ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಂಡುಗಳು), ಅನುಮಾನದಲ್ಲಿ ಇಟ್ಟಿರುವ ಸೆಕ್ಟರ್‌ಗಳು, ಓದಲಾಗದೆ ಹೋದವು. ಮೂರರಲ್ಲೂ ಸೊನ್ನೆ. 199ನೇ ಸಾಲು ಕೇಬಲ್ ಕಡೆಯ ದೋಷ ತೋರಿಸುತ್ತದೆ, ಅದೂ ಸೊನ್ನೆ. ಡಿಸ್ಕ್ ಗಟ್ಟಿಯಾಗಿತ್ತು.

ಗುರುತು ಹಾಕಿದ್ದು ಯಾರು?

ಎನ್‌ಟಿಎಫ್‌ಎಸ್ ಎಂಬುದು ವಿಂಡೋಸ್‌ನ ಫೈಲ್ ಸಿಸ್ಟಂ. ಅದನ್ನು ತೆರೆದು ಬರೆಯಲು ಶುರು ಮಾಡಿದಾಗ ಡಿಸ್ಕಿನಲ್ಲೇ ಒಂದು ಗುರುತು ಬೀಳುತ್ತದೆ: ಕೆಲಸ ನಡೆಯುತ್ತಿದೆ ಎಂದು. ಸರಿಯಾಗಿ ಮುಚ್ಚಿದಾಗ ಆ ಗುರುತು ಅಳಿಯುತ್ತದೆ. ನಡುವೆ ಕೇಬಲ್ ಕಿತ್ತರೆ ಗುರುತು ಹಾಗೇ ಉಳಿಯುತ್ತದೆ. ಮುಂದಿನ ಸಲ ತೆರೆಯುವವರಿಗೆ ಅದು ಎಚ್ಚರಿಕೆ.

ಈ ಎಚ್ಚರಿಕೆಯನ್ನು ಯಾರು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಇದೆ. ವಿಂಡೋಸ್ ಸಾಮಾನ್ಯವಾಗಿ ತೆರೆದೇ ಬಿಡುತ್ತದೆ, ಹೆಚ್ಚೆಂದರೆ ಸ್ಕ್ಯಾನ್ ಮಾಡಲೇ ಎಂದು ಕೇಳುತ್ತದೆ. ಲಿನಕ್ಸಿನಲ್ಲಿ ಬಹಳ ವರ್ಷ ಎನ್‌ಟಿಎಫ್‌ಎಸ್-3ಜಿ ಎಂಬ ಹಳೆಯ ಡ್ರೈವರ್ ಈ ಕೆಲಸ ಮಾಡುತ್ತಿತ್ತು. ಅದೂ ಸ್ವಲ್ಪ ಉದಾರಿ. 2021ರ ಅಕ್ಟೋಬರ್ ಕೊನೆಯಲ್ಲಿ ಬಂದ ಕರ್ನಲ್ 5.15ರಲ್ಲಿ ಪ್ಯಾರಾಗಾನ್ ಕಂಪನಿ ಕೊಟ್ಟ ಎನ್‌ಟಿಎಫ್‌ಎಸ್3 ಒಳಗೆ ಸೇರಿತು. ಇದು ವೇಗ ಜಾಸ್ತಿ, ಆದರೆ ಶಿಸ್ತೂ ಜಾಸ್ತಿ. ಗುರುತು ಕಂಡರೆ ಬರೆಯುವುದಕ್ಕೆಂದು ತೆರೆಯುವುದೇ ಇಲ್ಲ. ಹೊಸ ಉಬುಂಟು, ಹೊಸ ಮಿಂಟ್‌ನಂಥ ಲಿನಕ್ಸ್‌ಗಳಲ್ಲಿ ಡಿಸ್ಕ್ ಚುಚ್ಚಿದಾಗ ಮೊದಲು ಕರೆ ಹೋಗುವುದು ಇದಕ್ಕೇ. ಹಳೆಯ ಲಿನಕ್ಸಿನಲ್ಲಿ ತೆರೆಯುತ್ತಿದ್ದ ಡಿಸ್ಕ್ ಹೊಸದರಲ್ಲಿ ಯಾಕೆ ತೆರೆಯುವುದಿಲ್ಲ ಎಂದು ಕೇಳುವವರಿಗೆ ಬಹಳ ಸಲ ಉತ್ತರ ಇಲ್ಲಿರುತ್ತದೆ.

ಇಂಥ ಸಂದರ್ಭದಲ್ಲಿ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗುವ ಸೌಲಭ್ಯ) ಕಡೆ ಬೆರಳು ತೋರಿಸುವುದು ವಾಡಿಕೆ. ಅದು ನಿಜವಾದ ಕಾರಣವೂ ಹೌದು, ಒಂದೇ ಯಂತ್ರದಲ್ಲಿ ಎರಡೂ ಸಿಸ್ಟಂ ಇದ್ದಾಗ. ಅದು ಆನ್ ಇದ್ದರೆ ಶಟ್‌ಡೌನ್ ಎನ್ನುವುದು ಅರ್ಧ ನಿದ್ದೆ, ಡಿಸ್ಕ್ ಪೂರ್ತಿ ಮುಚ್ಚಿರುವುದಿಲ್ಲ. ಇಲ್ಲಿ ಲ್ಯಾಪ್‌ಟಾಪಿನಲ್ಲಿ ವಿಂಡೋಸೇ ಇರಲಿಲ್ಲ. ಡಿಸ್ಕ್ ಬೇರೆ ಎಲ್ಲಿಗೂ ಹೋಗಿರಲಿಲ್ಲ. ಹಾಗಾದರೆ ಗುರುತು ಬಿದ್ದದ್ದು ಇದೇ ಲಿನಕ್ಸಿನಲ್ಲಿ.

ಮೇಷ್ಟ್ರನ್ನು ಕೇಳಿದೆ. ಕಾಪಿ ಮುಗಿದ ಮೇಲೆ ಏನು ಮಾಡ್ತೀರಿ?

"ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ತುಂಬಿತಲ್ಲ, ಕೇಬಲ್ ತೆಗೀತೇನೆ. ಇಷ್ಟು ವರ್ಷ ಹಾಗೇ ಮಾಡಿದ್ದು, ಏನೂ ಆಗಿರಲಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳಿಗೆ "ಕ್ವಿಕ್ ರಿಮೂವಲ್" ಎಂಬುದೇ ಮೊದಲ ಆಯ್ಕೆ. ಅಲ್ಲಿ ಬರೆಯಬೇಕಾದದ್ದನ್ನು ಮೆಮೊರಿಯಲ್ಲಿ ಕೂಡಿಟ್ಟುಕೊಳ್ಳದೆ ಆದಷ್ಟು ಬೇಗ ಡಿಸ್ಕಿಗೆ ಕಳಿಸುತ್ತಾರೆ. ಪಟ್ಟಿ ತುಂಬಿದ ಮೇಲೆ ಕೇಬಲ್ ಕಿತ್ತರೂ ಸಾಮಾನ್ಯವಾಗಿ ನಡೆಯುತ್ತದೆ. ಲಿನಕ್ಸ್ ಹಾಗಲ್ಲ. ಕಾಪಿ ಮಾಡುವಾಗ ಅದು ಮೊದಲು ಫೈಲನ್ನು ಖಾಲಿ ರ‍್ಯಾಮ್‌ಗೆ ತುಂಬುತ್ತದೆ, ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ಎಷ್ಟು ಕೂಡಿಡಬಹುದು ಎಂಬುದಕ್ಕೆ ಮಾಮೂಲಿ ಮಿತಿ, ಆಗ ಸಿಗುವ ಮೆಮೊರಿಯಲ್ಲಿ ಶೇಕಡಾ 20. ಮೇಷ್ಟ್ರದು 8 ಜಿಬಿ ಯಂತ್ರ. 5 ಜಿಬಿ ಖಾಲಿ ಇದ್ದರೆ 1 ಜಿಬಿಯಷ್ಟು ಧ್ವನಿ ಇನ್ನೂ ರ‍್ಯಾಮ್‌ನಲ್ಲೇ ಇರುವಾಗ ಪರದೆಯಲ್ಲಿ ಕಾಪಿ ಮುಗಿಯಿತು ಎಂದು ಬರಬಹುದು. ಡಿಸ್ಕ್ ನಿಧಾನದ್ದಾದರೆ ಅದು ಪೂರ್ತಿ ಇಳಿಯಲು ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು. ಮೇಷ್ಟ್ರ ಕೈ ಅದಕ್ಕಿಂತ ಚುರುಕು.

ಒಂದು ಅಭ್ಯಾಸ ಒಂದು ಸಿಸ್ಟಂನಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಕೆಡಿಸುತ್ತದೆ. ಲಿನಕ್ಸ್ ಹಾಕಿಕೊಡುವ ನಮ್ಮಂಥವರು ವೈಫೈ, ಪ್ರಿಂಟರ್, ಕನ್ನಡ ಕೀಬೋರ್ಡ್ ಎಲ್ಲ ತೋರಿಸಿಕೊಡುತ್ತೇವೆ. ಕೇಬಲ್ ತೆಗೆಯುವುದನ್ನು ಯಾರೂ ತೋರಿಸುವುದಿಲ್ಲ.

ಮೊದಲು ಹೊರಗೆ ತೆಗೆಯುವುದು

ಇಲ್ಲಿ ಮೂರು ದಾರಿ ಇದ್ದವು. ಬಲವಂತದ ಸೂಚನೆ ಕೊಟ್ಟು ತೆರೆಯುವುದು ಒಂದು. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಲಿನಕ್ಸ್ ಕಮಾಂಡಿನಿಂದ ಗುರುತನ್ನು ಅಳಿಸುವುದು ಇನ್ನೊಂದು. ಇದು ಬಹಳ ಜನಪ್ರಿಯ ಸಲಹೆ, ಒಂದು ಸಾಲಿನಲ್ಲಿ ಡಿಸ್ಕ್ ತೆರೆದುಕೊಳ್ಳುತ್ತದೆ. ಆದರೆ ಅದು ಪೂರ್ತಿ ಪರೀಕ್ಷೆ ಮಾಡುವುದಿಲ್ಲ. ಕೆಲವು ಮೂಲಭೂತ ದೋಷ ಸರಿಮಾಡುತ್ತದೆ, ಎನ್‌ಟಿಎಫ್‌ಎಸ್‌ನ ಜರ್ನಲ್ಲನ್ನು (ಏನೇನು ಬದಲಾಯಿಸುತ್ತಿದ್ದೇನೆ ಎಂದು ಅದು ಬರೆದಿಟ್ಟುಕೊಳ್ಳುವ ಪುಸ್ತಕ) ಖಾಲಿ ಮಾಡುತ್ತದೆ, ಎಚ್ಚರಿಕೆಯ ಗುರುತು ತೆಗೆಯುತ್ತದೆ. ಒಳಗೆ ಬೇರೆ ಗೊಂದಲ ಇದ್ದರೆ ಅದು ಹಾಗೇ ಇರುತ್ತದೆ, ಅದರ ಮೇಲೆಯೇ ಹೊಸದಾಗಿ ಬರೆಯಲು ಶುರು ಮಾಡುತ್ತೇವೆ. ಪೆನ್ ಡ್ರೈವಿನಲ್ಲಿ ನಾಲ್ಕು ಸಿನಿಮಾ ಇದ್ದರೆ ನಾನೂ ಇದನ್ನೇ ಮಾಡುತ್ತೇನೆ. ಬೇರೆಲ್ಲೂ ಪ್ರತಿ ಇಲ್ಲದ ರೆಕಾರ್ಡಿಂಗ್‌ಗಳಿಗೆ ಮಾಡಲಾರೆ.

ಮೂರನೆಯದು, ಓದಲು ಮಾತ್ರ ಎಂದು ತೆರೆಯುವುದು. ಎನ್‌ಟಿಎಫ್‌ಎಸ್3 ತಕರಾರು ತೆಗೆಯುವುದು ಬರೆಯುವ ವಿಷಯಕ್ಕೆ. ಬರೆಯುವುದಿಲ್ಲ ಎಂದು ಹೇಳಿ ಮೌಂಟ್ ಮಾಡಿದರೆ ಗುರುತು ಇದ್ದರೂ ತೆರೆಯುತ್ತದೆ. ಹಾಗೆ ಮಾಡಿದಾಗ ಮೇಷ್ಟ್ರ ಫೋಲ್ಡರುಗಳೆಲ್ಲ ಪರದೆ ಮೇಲೆ ಬಂದವು. ಶರಸೇತು ಬಂಧನ, ಭೀಷ್ಮ ವಿಜಯ, ವಾಲಿ ವಧೆ, ಎಲ್ಲ ಇದ್ದವು. ಮೇಷ್ಟ್ರು ಅಲ್ಲಿಯವರೆಗೆ ಹೇಳದೇ ಇಟ್ಟುಕೊಂಡಿದ್ದ ಕಾಫಿ ಆಗ ಬಂತು.

ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿ 256 ಜಿಬಿಯದು. 680 ಜಿಬಿ ಅದರಲ್ಲಿ ಹಿಡಿಯುವುದಿಲ್ಲ. ಹೊಸ 2 ಟಿಬಿ ಡಿಸ್ಕ್ ತರಿಸಿದರು. ಅದು ಬರುವವರೆಗೆ ಹಳೆಯದನ್ನು ಮುಟ್ಟಲಿಲ್ಲ.

ಕಾಪಿ ಶುರು ಮಾಡಿದಾಗ ವೇಗ ಸೆಕೆಂಡಿಗೆ 35 ಎಂಬಿ ಆಸುಪಾಸಿನಲ್ಲಿ ನಿಂತಿತು. ಹೀಗಾದರೆ 680 ಜಿಬಿಗೆ ಐದು ಗಂಟೆಗೂ ಜಾಸ್ತಿ. ಈ ಅಂಕಿ ನೋಡಿದರೆ ಯುಎಸ್‌ಬಿ 2ರ ವಾಸನೆ ಬರುತ್ತದೆ. ಎಲ್‌ಎಸ್‌ಯುಎಸ್‌ಬಿ ಕಮಾಂಡಿಗೆ ಮರದ ಹಾಗೆ ತೋರಿಸು ಎಂದು ಹೇಳಿದರೆ ಯಾವ ಸಾಧನ ಯಾವ ವೇಗದಲ್ಲಿ ಕೂತಿದೆ ಎಂದು ಕಾಣುತ್ತದೆ. ಹಳೆಯ ಡಿಸ್ಕಿನ ಮುಂದೆ 480 ಎಂದಿತ್ತು, ಇರಬೇಕಾದದ್ದು 5000. ಪೋರ್ಟ್ ನೀಲಿಯದೇ. ತೊಂದರೆ ಡಿಸ್ಕ್ ಕಡೆಯ ಆ ಅಗಲದ, ಎರಡು ಭಾಗದ ಮೈಕ್ರೋ-ಬಿ ಪ್ಲಗ್‌ನಲ್ಲಿ. ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಯುಎಸ್‌ಬಿ 3ರ ತಂತಿಗಳು ಪಕ್ಕದ ಚಿಕ್ಕ ಭಾಗದಲ್ಲಿರುತ್ತವೆ. ಅವು ಸೇರದಿದ್ದರೆ ಡಿಸ್ಕ್ ಸದ್ದಿಲ್ಲದೆ ಹಳೆಯ ವೇಗಕ್ಕೆ ಇಳಿಯುತ್ತದೆ. ಒತ್ತಿ ಕೂರಿಸಿದ ಮೇಲೆ 5000 ಬಂತು, ಕಾಪಿ ಸೆಕೆಂಡಿಗೆ 100 ಎಂಬಿ ದಾಟಿತು.

ಕಾಪಿಗೆ ಆರ್‌ಸಿಂಕ್ ಎಂಬ ಕಮಾಂಡ್ ಬಳಸಿದೆವು, ಅರ್ಧಕ್ಕೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು ಎಂದು. ಅದಕ್ಕೆ ಎಲ್ಲರೂ ಹೇಳುವ "ಎ" ಆಯ್ಕೆ (ಅನುಮತಿಗಳನ್ನೂ ಸೇರಿಸಿ ನಕಲು ಮಾಡು ಎಂಬುದು) ಕೊಡಲಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕ್ ಲಿನಕ್ಸಿನಲ್ಲಿ ತೆರೆದಾಗ ಪ್ರತಿ ಫೈಲೂ ಓಡಿಸಬಹುದಾದ ಪ್ರೋಗ್ರಾಂ ಎಂಬಂತೆ ಅನುಮತಿ ತೋರಿಸುತ್ತದೆ. ಅದನ್ನೂ ನಕಲು ಮಾಡಿಕೊಂಡರೆ ಹೊಸ ಡಿಸ್ಕಿನಲ್ಲಿ ವಾಲಿ ವಧೆಯೂ ಒಂದು ಪ್ರೋಗ್ರಾಂ ಆಗಿ ಕೂರುತ್ತದೆ. ಫೋಲ್ಡರ್ ಒಳಗೆ ಹೋಗು, ತಾರೀಖು ಉಳಿಸು, ಇಷ್ಟೇ ಹೇಳಿದೆವು.

ಕನ್ನಡದ ಹೆಸರುಗಳು ಸಿಕ್ಕಿಹಾಕಿಕೊಂಡದ್ದು

ಕಾಪಿ ಕೊನೆಯಲ್ಲಿ ಆರ್‌ಸಿಂಕ್ ತಕರಾರು ಹೇಳಿತು. ನಲವತ್ತಕ್ಕೂ ಜಾಸ್ತಿ ಫೈಲ್ ಹೋಗಿರಲಿಲ್ಲ. ಕಾರಣ: ಹೆಸರು ತುಂಬ ಉದ್ದ.

ಮೇಷ್ಟ್ರು ಪಾಠ ಮಾಡಿದವರು, ಹೆಸರಿಡುವುದರಲ್ಲಿ ಜಿಪುಣತನ ಇಲ್ಲ. ಪ್ರಸಂಗ, ಊರು, ತಾರೀಖು, ಭಾಗವತರು, ಮದ್ದಲೆ, ಚೆಂಡೆ, ಅರ್ಥಧಾರಿಗಳು ಯಾರ್‍ಯಾರು, ಯಾರು ಯಾವ ಪಾತ್ರ, ಎಲ್ಲವೂ ಫೈಲಿನ ಹೆಸರಿನಲ್ಲೇ. ಅದೂ ಕನ್ನಡದಲ್ಲೇ. ಹಳೆಯ ಡಿಸ್ಕಿನಲ್ಲಿ ಇದು ನಡೆಯುತ್ತಿತ್ತು. ಎನ್‌ಟಿಎಫ್‌ಎಸ್ ಹೆಸರಿಗೆ 255 ಸಂಕೇತದ ಜಾಗ ಕೊಡುತ್ತದೆ, ಅದರ ಲೆಕ್ಕದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಒಂದೊಂದು ಸಂಕೇತ. ಹೊಸ ಡಿಸ್ಕಿಗೆ ನಾವು ಹಾಕಿದ್ದು ಲಿನಕ್ಸ್‌ನ ಇಎಕ್ಸ್‌ಟಿ4. ಅದೂ 255 ಎನ್ನುತ್ತದೆ, ಆದರೆ 255 ಬೈಟ್. ಲಿನಕ್ಸಿನಲ್ಲಿ ಹೆಸರುಗಳನ್ನು ಇಡುವುದು ಯುಟಿಎಫ್-8ರಲ್ಲಿ, ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಅಂದರೆ 85 ಚಿಹ್ನೆಗೆ ಜಾಗ ಮುಗಿಯಿತು.

ಅದೂ ನಾವು ಬಾಯಲ್ಲಿ ಎಣಿಸುವ ಅಕ್ಷರ ಅಲ್ಲ. "ಕೃಷ್ಣ ಸಂಧಾನ" ನೋಡಿ. ನಮಗೆ ಐದು ಅಕ್ಷರ. ಕಂಪ್ಯೂಟರಿಗೆ ಕ, ವಟ್ರಸುಳಿ, ಷ, ಅರ್ಧಾಕ್ಷರದ ಚಿಹ್ನೆ, ಣ, ಇವೇ ಐದು. ಸಂಧಾನದಲ್ಲಿ ಇನ್ನೂ ಐದು. ನಡುವೆ ಒಂದು ಖಾಲಿ ಜಾಗ. ಒಟ್ಟು 31 ಬೈಟ್. ಒತ್ತಕ್ಷರ ಜಾಸ್ತಿ ಇರುವ ಹೆಸರುಗಳು ಇನ್ನೂ ಬೇಗ ಜಾಗ ತಿನ್ನುತ್ತವೆ. ಯಕ್ಷಗಾನದ ಪ್ರಸಂಗಗಳಲ್ಲಿ ಒತ್ತಕ್ಷರಕ್ಕೆ ಬರ ಇಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಹೆಸರಿಡುವವರು ಈ ಗೋಡೆಗೆ ತಲೆ ಹೊಡೆದುಕೊಳ್ಳುವುದು ಅಪರೂಪ, ಹಾಗಾಗಿ ಲಿನಕ್ಸ್ ಕಲಿಸುವ ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇದು ದಿನದ ತೊಂದರೆ.

ಆ ಫೈಲುಗಳನ್ನು ನಾನೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಕತ್ತರಿಸಿಬಿಡಬಹುದಿತ್ತು. ಮೇಷ್ಟ್ರು ಒಪ್ಪಲಿಲ್ಲ. ಕತ್ತರಿಸಿದರೆ ಬಿದ್ದುಹೋಗುವುದು ಕೊನೆಯಲ್ಲಿರುವ ಚೆಂಡೆಯವರ ಹೆಸರು ಎಂದು ಅವರ ಆಕ್ಷೇಪ. ಅದು ನ್ಯಾಯವೇ. ಹೆಸರನ್ನು ತಾರೀಖು, ಊರು, ಪ್ರಸಂಗ ಇಷ್ಟಕ್ಕೆ ಇಳಿಸಿ, ಉಳಿದ ವಿವರವನ್ನೆಲ್ಲ ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಫೈಲಿಗೆ ಬರೆಯುವುದು ಎಂದು ತೀರ್ಮಾನ ಆಯಿತು. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇಟ್ಟರೆ ಪಟ್ಟಿ ತಾನಾಗಿ ಸಾಲಾಗಿ ನಿಲ್ಲುತ್ತದೆ. ಓದಲು ಮಾತ್ರ ತೆರೆದ ಡಿಸ್ಕಿನಲ್ಲಿ ಹೆಸರು ಬದಲಾಯಿಸಲು ಆಗುವುದಿಲ್ಲವಲ್ಲ, ಆ ಫೈಲುಗಳನ್ನು ಸದ್ಯಕ್ಕೆ ಮೊಟಕು ಹೆಸರಿನಲ್ಲಿ ಹೊಸ ಡಿಸ್ಕಿಗೆ ತಂದು, ಹಳೆಯ ಪೂರ್ತಿ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟೆವು. ಪಠ್ಯ ಫೈಲ್ ಬರೆಯುವ ಕೆಲಸ ಮೇಷ್ಟ್ರದು.

ಹಳೆಯ ಡಿಸ್ಕಿನ ಗುರುತು

ಎಲ್ಲ ಹೊರಗೆ ಬಂದ ಮೇಲೆ ಹಳೆಯ ಡಿಸ್ಕನ್ನು ಮೊಮ್ಮಗಳ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ಚೆಕ್‌ಡಿಸ್ಕ್ ಓಡಿಸಿದೆವು. ಎನ್‌ಟಿಎಫ್‌ಎಸ್‌ಗೆ ಪೂರ್ತಿ ಪರೀಕ್ಷೆ ಮಾಡುವ ಸಾಧನ ವಿಂಡೋಸ್‌ನಲ್ಲೇ ಇರುವುದು. ಲಿನಕ್ಸ್ ಪ್ರೀತಿಸುವವರು ಇದನ್ನು ಒಪ್ಪಲು ಸ್ವಲ್ಪ ಹಿಂಜರಿಯುತ್ತಾರೆ, ಆದರೆ ಇರುವುದು ಹಾಗೇ. ಅದು ಕೆಲವು ಸಣ್ಣ ದೋಷ ಸರಿಮಾಡಿತು, ಗುರುತು ಹೋಯಿತು, ಡಿಸ್ಕ್ ಲಿನಕ್ಸಿನಲ್ಲಿ ಮತ್ತೆ ಮೊದಲಿನಂತೆ ತೆರೆಯಿತು.

ಆದರೆ ಕೊನೆಯ ದಿನ ಕಾಪಿ ಮಾಡಿದ್ದ ಎರಡು ರೆಕಾರ್ಡಿಂಗ್ ಕೆಟ್ಟಿದ್ದವು. ನೋಡಿದರೆ ಹೆಸರು ಸರಿ, ಗಾತ್ರ ಸರಿ. ಕೇಳಿದರೆ ಅರ್ಧದಿಂದ ಮುಂದೆ ಪೂರ್ತಿ ಮೌನ. ಫೈಲಿಗೆ ಜಾಗ ಕಾದಿರಿಸಿತ್ತು, ಒಳಗಿನ ಧ್ವನಿ ರ‍್ಯಾಮಿನಿಂದ ಇಳಿಯುವ ಮೊದಲೇ ಕೇಬಲ್ ಹೋಗಿತ್ತು. ಬರೆಯದೇ ಉಳಿದ ಭಾಗ ಸೊನ್ನೆಗಳಾಗಿ ಓದಿಸಿಕೊಳ್ಳುತ್ತದೆ. ಇಲ್ಲದ ಧ್ವನಿಯನ್ನು ಚೆಕ್‌ಡಿಸ್ಕ್ ಎಲ್ಲಿಂದ ತರಬೇಕು? ಪುಣ್ಯಕ್ಕೆ ರೆಕಾರ್ಡರಿನ ಎಸ್‌ಡಿ ಕಾರ್ಡನ್ನು ಮೇಷ್ಟ್ರು ಇನ್ನೂ ಅಳಿಸಿರಲಿಲ್ಲ. ಈಗ ಹೊಸ ಡಿಸ್ಕಿನಿಂದ ವಾಪಸ್ ಓದಿ ತಾಳೆ ನೋಡುವವರೆಗೆ ಕಾರ್ಡ್ ಅಳಿಸುವಂತಿಲ್ಲ ಎಂಬುದು ಅವರ ಮನೆಯ ಕಾನೂನು.

ತಾಳೆ ನೋಡುವುದರಲ್ಲೂ ಒಂದು ಕುತ್ತು ಇದೆ. ಕಾಪಿ ಮಾಡಿದ ತಕ್ಷಣ ಹೋಲಿಸಿದರೆ ಲಿನಕ್ಸ್ ಡಿಸ್ಕಿನಿಂದ ಓದದೆ ರ‍್ಯಾಮಿನಲ್ಲಿ ಉಳಿದಿರುವ ಪ್ರತಿಯಿಂದಲೇ ಓದಿ "ಸರಿಯಾಗಿದೆ" ಎನ್ನಬಹುದು. ಇಜೆಕ್ಟ್ ಮಾಡಿ, ಕೇಬಲ್ ತೆಗೆದು, ಮತ್ತೆ ಚುಚ್ಚಿ ಹೋಲಿಸಬೇಕು. ಆರ್‌ಸಿಂಕ್ ತಾನಾಗಿ ನೋಡುವುದು ಗಾತ್ರ ಮತ್ತು ತಾರೀಖು ಮಾತ್ರ, ಮೇಲಿನ ಎರಡು ಫೈಲ್ ಆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಿದ್ದವು. ಚೆಕ್‌ಸಮ್ ಆಯ್ಕೆ ಕೊಟ್ಟರೆ ಒಳಗಿನದನ್ನೂ ಓದಿ ಹೋಲಿಸುತ್ತದೆ. ನಿಧಾನ, ಆದರೆ ರಾತ್ರಿ ಬಿಟ್ಟು ಮಲಗಿದರೆ ಆಯಿತು.

ಯಾವ ಡಿಸ್ಕಿಗೆ ಯಾವ ಫೈಲ್ ಸಿಸ್ಟಂ

ಇದರ ಬಗ್ಗೆ ಮೇಷ್ಟ್ರ ಮಗ ಬೆಂಗಳೂರಿನಿಂದ ಫೋನಿನಲ್ಲಿ ಸಾಕಷ್ಟು ವಾದ ಮಾಡಿದರು. ಎಲ್ಲಕ್ಕೂ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂ ಹಾಕಿ, ಎಲ್ಲ ಕಡೆ ಓಡುತ್ತದೆ ಎಂಬುದು ಅವರ ಪಕ್ಷ. ಮಾತು ನಿಜ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಬಹಿರಂಗ ಮಾಡಿತು, 2020ರ ಕರ್ನಲ್ 5.7ರಿಂದ ಸ್ಯಾಮ್‌ಸಂಗ್ ಬರೆದ ಒಳ್ಳೆಯ ಡ್ರೈವರ್ ಲಿನಕ್ಸಿನಲ್ಲೇ ಇದೆ. 4 ಜಿಬಿ ದಾಟಿದ ಫೈಲ್ ಹಳೆಯ ಫ್ಯಾಟ್32 ಫೈಲ್ ಸಿಸ್ಟಂನಲ್ಲಿ ಕೂರುವುದಿಲ್ಲ, ಇದರಲ್ಲಿ ಕೂರುತ್ತದೆ. ಉದ್ದ ಹೆಸರಿನ ತೊಂದರೆಯೂ ಇಲ್ಲಿ ಕಡಿಮೆ, ಎನ್‌ಟಿಎಫ್‌ಎಸ್‌ನಂತೆ ಸಂಕೇತದ ಲೆಕ್ಕ. ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಬರೆಯುವ ನಡುವೆ ಕೇಬಲ್ ಹೋದರೆ ಎಲ್ಲಿ ಏನಾಗಿತ್ತು ಎಂದು ಅದಕ್ಕೆ ನೆನಪಿರುವುದಿಲ್ಲ. ಕೇಬಲ್ ಕೀಳುವ ಅಭ್ಯಾಸ ಇರುವವರ ಮೂಲ ಪ್ರತಿಗೆ ಅದು ಬೇಡ ಎಂಬುದು ನನ್ನ ಪಕ್ಷ. ಇಎಕ್ಸ್‌ಟಿ4ರ ಜರ್ನಲ್ ಕೊನೆಯ ಫೈಲಿನ ಧ್ವನಿಯನ್ನು ಕಾಪಾಡುತ್ತದೆ ಎಂದಲ್ಲ, ಅದು ಹೋಗಬಹುದು. ಉಳಿದ 680 ಜಿಬಿಯ ಫೋಲ್ಡರುಗಳ ಕಟ್ಟು ಗಟ್ಟಿಯಾಗಿ ಉಳಿಯುತ್ತದೆ, ಮುಂದಿನ ಸಲ ಚುಚ್ಚಿದಾಗ ತಾನಾಗಿ ಸರಿಮಾಡಿಕೊಂಡು ತೆರೆಯುತ್ತದೆ.

ಕೊನೆಗೆ ನಿಂತದ್ದು ಹೀಗೆ. ಮೂಲ ಪ್ರತಿಯ 2 ಟಿಬಿ ಡಿಸ್ಕ್ ಇಎಕ್ಸ್‌ಟಿ4, ಅದು ಮನೆ ಬಿಟ್ಟು ಹೋಗುವುದಿಲ್ಲ. ಮಗನಿಗಾಗಿ ಇನ್ನೊಂದು ಹೊಸ ಡಿಸ್ಕ್, ಎಕ್ಸ್‌ಫ್ಯಾಟ್. ಅವರದು ಮ್ಯಾಕ್, ಅದು ಇಎಕ್ಸ್‌ಟಿ4 ಓದುವುದೇ ಇಲ್ಲ, ಎನ್‌ಟಿಎಫ್‌ಎಸ್ ಓದುತ್ತದೆ ಆದರೆ ತಾನಾಗಿ ಬರೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಒಂದು ಪ್ರತಿ ಬೇರೆ ಊರಿನಲ್ಲಿ ಇರುತ್ತದೆ. ಹಳೆಯ 1 ಟಿಬಿ ಡಿಸ್ಕ್ ಊರೂರು ತಿರುಗುವುದಕ್ಕೆ, ಅದನ್ನೂ ಎಕ್ಸ್‌ಫ್ಯಾಟ್ ಮಾಡಿದೆವು. ಕೇಳಿದವರಿಗೆ ಕೊಡಲು, ಟಿವಿಗೆ ಹಾಕಲು. ಅದು ಹೋದರೆ ಅಳುವವರಿಲ್ಲ.

ಎಕ್ಸ್‌ಫ್ಯಾಟ್ ಕಡೆಯಿಂದ ಒಂದು ಸಣ್ಣ ಕಿರಿಕಿರಿ ಆಮೇಲೆ ಬಂತು. ಮೇಷ್ಟ್ರು ಲಿನಕ್ಸಿನಲ್ಲಿ ಒಂದು ಫೈಲಿಗೆ "ರಾತ್ರಿ 9:30" ಎಂದು ಸೇರಿಸಿ ಹೆಸರಿಟ್ಟಿದ್ದರು. ಇಎಕ್ಸ್‌ಟಿ4ಗೆ ಅದು ಪರವಾಗಿಲ್ಲ. ಎಕ್ಸ್‌ಫ್ಯಾಟ್ ಆ ಎರಡು ಚುಕ್ಕಿಯನ್ನು ಒಪ್ಪುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳನ್ನೂ ಒಪ್ಪುವುದಿಲ್ಲ. 9.30 ಎಂದು ಬರೆಯುವುದು ಎಂದಾಯಿತು.

ಇಎಕ್ಸ್‌ಟಿ4 ಹಾಕಿದ ಮೇಲೆ ಇನ್ನೊಂದು ಬದಲಾವಣೆ ಮಾಡಿದೆ. ಅದು ಮಾಮೂಲಿಯಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್ ಎಂಬ ಮೇಲ್ವಿಚಾರಕ ಬಳಕೆದಾರನಿಗೆ ಎತ್ತಿಡುತ್ತದೆ. ಸಿಸ್ಟಂ ಇರುವ ಡಿಸ್ಕಿಗೆ ಅದು ಬೇಕು, ಡಿಸ್ಕ್ ತುಂಬಿದಾಗಲೂ ಯಂತ್ರ ಉಸಿರಾಡಲಿ ಎಂದು. ಬರೀ ಧ್ವನಿ ಇಡುವ 2 ಟಿಬಿ ಡಿಸ್ಕಿನಲ್ಲಿ ಅದು ಸುಮಾರು 100 ಜಿಬಿ ವ್ಯರ್ಥ. ಟ್ಯೂನ್2ಎಫ್‌ಎಸ್ ಕಮಾಂಡಿನಿಂದ ಸೊನ್ನೆ ಮಾಡಿದೆ.

ಕೈ ಮತ್ತು ಕೇಬಲ್

ಮೇಷ್ಟ್ರ ಅಭ್ಯಾಸ ಬದಲಾಗಲಿ ಎಂದು ಕಾಯುವುದಕ್ಕಿಂತ ಕಾಪಿ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ನಿಜ ಹೇಳುವಂತೆ ಮಾಡುವುದು ಸುಲಭ ಎನಿಸಿತು. ರ‍್ಯಾಮಿನಲ್ಲಿ ಕೂಡಿಡುವ ಮಿತಿಯನ್ನು ಶೇಕಡಾ ಲೆಕ್ಕದಿಂದ ತೆಗೆದು 256 ಎಂಬಿಗೆ ಕಟ್ಟಿದೆ. ಹಿನ್ನೆಲೆಯಲ್ಲಿ ಇಳಿಸಲು ಶುರು ಮಾಡುವ ಮಿತಿ 64 ಎಂಬಿ. ಕರ್ನಲ್‌ನ ಎರಡು ಸಂಖ್ಯೆ ಬದಲಾಯಿಸಿದರೆ ಆಯಿತು. ಈಗ ಪಟ್ಟಿ ನಿಧಾನವಾಗಿ ಓಡುತ್ತದೆ, ಆದರೆ ತುಂಬಿದಾಗ ಬಾಕಿ ಉಳಿದಿರುವುದು ಸ್ವಲ್ಪವೇ. ಲಿನಕ್ಸ್ ನಿಧಾನ ಆಯಿತು ಎಂದು ಮೇಷ್ಟ್ರು ದೂರಿದರು. ನಿಜವಾದ ವೇಗವೇ ಅದು ಎಂದರೆ ಅವರಿಗೆ ಪೂರ್ತಿ ನಂಬಿಕೆ ಬಂದಿಲ್ಲ.

ಫೈಲ್ ಮ್ಯಾನೇಜರಿನಲ್ಲಿ ಡಿಸ್ಕಿನ ಮೇಲೆ ಬಲಗಡೆ ಒತ್ತಿದರೆ ಬರುವ ಆಯ್ಕೆಗಳಲ್ಲೂ ವ್ಯತ್ಯಾಸ ಇದೆ. ಅನ್‌ಮೌಂಟ್ ಎಂದರೆ ಫೈಲ್ ಸಿಸ್ಟಂ ಮುಚ್ಚಿತು, ಡಿಸ್ಕಿನ ತಟ್ಟೆ ತಿರುಗುತ್ತಲೇ ಇರುತ್ತದೆ. ಸೇಫ್ಲಿ ರಿಮೂವ್ ಎಂದರೆ ಡಿಸ್ಕಿಗೆ ಕರೆಂಟನ್ನೂ ನಿಲ್ಲಿಸುತ್ತದೆ, ತಟ್ಟೆ ನಿಲ್ಲುತ್ತದೆ. ತಿರುಗುವ ಡಿಸ್ಕಿಗೆ ಎರಡನೆಯದೇ ಒಳ್ಳೆಯದು. ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: ಅದನ್ನು ಒತ್ತಿ, ಕೈಯಿಟ್ಟು ನೋಡಿ, ನಡುಕ ನಿಂತ ಮೇಲೆ ಕೇಬಲ್ ತೆಗೆಯಿರಿ.

ಡಿಸ್ಕ್ ಯಾವಾಗಲೂ ಒಂದೇ ವಿಳಾಸದಲ್ಲಿ ತೆರೆಯಬೇಕು, ಇಲ್ಲದಿದ್ದರೆ ಅವರು ಧ್ವನಿ ತಿದ್ದುವ ಆಡಾಸಿಟಿಯಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಉಪಯೋಗಕ್ಕೆ ಬಾರದು. ಇದಕ್ಕೆ, ಯಾವ ಡಿಸ್ಕ್ ಎಲ್ಲಿ ತೆರೆಯಬೇಕು ಎಂದು ಯಂತ್ರ ಶುರುವಾಗುವಾಗ ನೋಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಸಾಲು ಬರೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬರೆಯಲಿಲ್ಲ. "ನೋಫೇಲ್" (ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗು) ಎಂಬ ಪದ ಮರೆತು ಅಲ್ಲಿ ಸಾಲು ಹಾಕಿದರೆ, ಡಿಸ್ಕ್ ಚುಚ್ಚದ ದಿನ ಲ್ಯಾಪ್‌ಟಾಪ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕಪ್ಪು ಪರದೆ ತೋರಿಸುತ್ತದೆ. ಡಿಸ್ಕಿಗೆ ಒಂದು ಲೇಬಲ್ ಕೊಟ್ಟರೆ ಸಾಕು, ಮಿಂಟ್ ಅದೇ ಹೆಸರಿನಲ್ಲಿ ಮೀಡಿಯಾ ಫೋಲ್ಡರಿನೊಳಗೆ ತೆರೆಯುತ್ತದೆ. ಮೂರು ಡಿಸ್ಕಿಗೂ ಬೇರೆ ಬೇರೆ ಲೇಬಲ್ ಇಟ್ಟು, ಅದನ್ನೇ ಕಾಗದದಲ್ಲಿ ಬರೆದು ಮೇಲೆ ಅಂಟಿಸಿದೆವು.

ಮಗ ಕೊನೆಯಲ್ಲಿ ಲಕ್ಸ್, ಅಂದರೆ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕುವ ಮಾತು ತೆಗೆದರು. ಲಕ್ಸ್ ಒಳ್ಳೆಯ ವ್ಯವಸ್ಥೆ, ಆದರೆ ಪಾಸ್‌ವರ್ಡ್ ಮರೆತರೆ ಒಳಗಿನದು ಯಾರಿಗೂ ಸಿಗುವುದಿಲ್ಲ, ಅವರ ಮ್ಯಾಕ್ ಅದನ್ನು ತೆರೆಯುವುದೂ ಇಲ್ಲ. ತಾಳಮದ್ದಲೆ ಗುಟ್ಟಿನ ವಸ್ತುವಲ್ಲ. ಮೇಷ್ಟ್ರ ನಂತರವೂ ಯಾರಾದರೂ ಚುಚ್ಚಿ ಕೇಳುವಂತಿರಬೇಕು. ಅದೇ ಡಿಸ್ಕಿನ ಒಂದು ಮೂಲೆಯಲ್ಲಿ ಜಮೀನಿನ ಪಹಣಿ, ಪಾಸ್‌ಬುಕ್ ಸ್ಕ್ಯಾನ್‌ಗಳೂ ಇದ್ದವು. ಅವನ್ನು ಮಾತ್ರ ಲಕ್ಸ್ ಹಾಕಿದ ಬೇರೆ ಪೆನ್ ಡ್ರೈವಿಗೆ ಹಾಕಿದೆವು. ಪಾಸ್‌ವರ್ಡ್ ಬರೆದ ಚೀಟಿ ಮನೆಯ ಕಾಗದಪತ್ರದ ಪೆಟ್ಟಿಗೆಯಲ್ಲಿದೆ, ಅದರ ಬೀಗದ ಕೈ ಮೇಷ್ಟ್ರ ಹೆಂಡತಿಯ ಹತ್ತಿರ.